ಬಾರ್ ನಿಧಾನ ಎತ್ತಬೇಕಾ, ಬೇಗ ಎತ್ತಬೇಕಾ? ನಮ್ಮ ಜಿಮ್‌ನಲ್ಲಿ ಇಬ್ಬರದ್ದು ಎರಡು ಮಾತು

ಬೈತಖೋಲದ ಹುಡುಗ, ಸೋಮವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ವಯಸ್ಸು 34, ಕೂತು ಮಾಡುವ ಕೆಲಸ. ಎಂಟು ತಿಂಗಳಿಂದ ಕಾರವಾರದಲ್ಲಿ ಜಿಮ್‌ಗೆ ಹೋಗುತ್ತಿದ್ದೇನೆ. ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಬಾರನ್ನು ಎದೆ ತನಕ ಇಳಿಸಿ ಮತ್ತೆ ಮೇಲಕ್ಕೆ ನೂಕುವುದು) 50 ಕೆಜಿಗೆ 8 ರೆಪ್, ಅಂದರೆ ಸತತ 8 ಸಲ ಎತ್ತುವ ತನಕ ಬಂದಿತ್ತು.

ಬೆಳಿಗ್ಗೆ ಹೋದರೆ ಟ್ರೈನರ್ ತಲೆ ಹತ್ತಿರ ನಿಂತು "ಇಳಿಸುವಾಗ ನಾಲ್ಕು ಎಣಿಸು, ಎತ್ತುವಾಗಲೂ ನಾಲ್ಕು ಎಣಿಸು" ಅನ್ನುತ್ತಾರೆ. ಸಂಜೆ ಹೋದರೆ ಅಲ್ಲೊಬ್ಬರು ಹಳಬರಿದ್ದಾರೆ. ಹದಿನೈದು ವರ್ಷದಿಂದ ಎತ್ತುವವರು. ಅವರು "ಇದೇನು ಮಾರಾಯ, ಬಿಸಿ ಹಾಲಿನ ಪಾತ್ರೆ ಇಳಿಸಿದ ಹಾಗೆ! ಜೋರಾಗಿ ನೂಕು" ಅನ್ನುತ್ತಾರೆ. ಇಬ್ಬರೂ ಒಳ್ಳೆಯವರೇ. ಇಬ್ಬರ ಮುಂದೆಯೂ ನಾನು ತಲೆ ಆಡಿಸುತ್ತೇನೆ.

ಮೂರು ವಾರ ನಾಲ್ಕು-ನಾಲ್ಕು ಮಾಡಿದೆ. 50 ಕೆಜಿ ಹೋಗಿ 37.5 ಕೆಜಿಗೆ ಇಳಿಯಿತು. ಹಿಂದಕ್ಕೆ ಹೋಗುತ್ತಿದ್ದೇನಾ? ಇನ್ನೊಂದು: ಮೊದಲಿಂದಲೂ ಬಾರ್ ಎದೆ ಹತ್ತಿರ ಬಂದಾಗ ಎಡ ಹೆಗಲಿನ ಮುಂಭಾಗ ಸ್ವಲ್ಪ ಚುಚ್ಚುತ್ತದೆ. ನಿಧಾನ ಮಾಡಿದರೆ ಅದು ಹೋಗುತ್ತದೆ ಅಂದಿದ್ದರು. ಕಡಿಮೆ ಆಗಿದೆ, ಹೋಗಿಲ್ಲ. ಯಾರ ಮಾತು ಕೇಳಲಿ?

ಹಳಿಯಾಳ ಗರಡಿ, ಸೋಮವಾರ ರಾತ್ರಿ 10.05

ಯಾರದ್ದೂ ಬೇಡ. ನಮ್ಮಲ್ಲಿ ಬೆಳಿಗ್ಗೆ ಎದ್ದು ನೂರಾರು ಬಸ್ಕಿ, ದಂಡ ಹೊಡೆದು ಮಣ್ಣಿಗೆ ಇಳಿಯುತ್ತಾರೆ. ಅಲ್ಲಿ ಯಾವನೂ ಸೆಕೆಂಡ್ ಎಣಿಸುವುದಿಲ್ಲ. ಎತ್ತು, ಇಡು, ಊಟ ಮಾಡು, ಮಲಗು.

ಕುಮಟಾ ಮಾಸ್ತರು, ಸೋಮವಾರ ರಾತ್ರಿ 10.50

ಪೈಲ್ವಾನರೇ, ಅವರ ಹೆಗಲು ಚುಚ್ಚುತ್ತಿದೆ. ಊಟ ಮಾಡಿ ಮಲಗಿದರೆ ಹೋಗುವುದಾದರೆ ಇಲ್ಲಿ ಯಾಕೆ ಬರೆಯುತ್ತಿದ್ದರು?

ನಾನು ಫಿಸಿಕ್ಸ್ ಕಲಿಸುವವನು, ಜಿಮ್ಮಿನ ಪರಿಣತ ಅಲ್ಲ. ಆದರೆ ಇದರಲ್ಲಿ ಅರ್ಧ ಲೆಕ್ಕವೇ. ಎಲ್ಲರೂ ಬಾವಿಯಿಂದ ನೀರು ಸೇದಿದವರೇ ಅಲ್ವಾ? ತುಂಬಿದ ಕೊಡಪಾನ ಅರ್ಧ ದಾರಿ ಬಂದಾಗ ಹಗ್ಗ ಕೈಯಿಂದ ಜಾರುತ್ತದೆ. ಎರಡು ಮೊಳ ಕೆಳಗೆ ಹೋದ ಮೇಲೆ ಗಬಕ್ಕನೆ ಹಿಡಿಯುತ್ತೀರಿ. ಆಗ ಹೆಗಲಿಗೆ ಒಂದು ಎಳೆತ ಬರುತ್ತದಲ್ಲ, ಗಡಗಡೆಯೂ ಕಿರ್ ಅನ್ನುತ್ತದೆ. ಕೊಡಪಾನದ ತೂಕ ಅದೇ. ಎಳೆತ ಮಾತ್ರ ಅದರ ಎಷ್ಟೋ ಪಟ್ಟು.

ಈಗ ನಿಮ್ಮ ಬಾರ್. 40 ಕೆಜಿ, ದಾರಿ ಸುಮಾರು 45 ಸೆಂಟಿಮೀಟರ್ ಅಂದುಕೊಳ್ಳಿ. ಮೊದಲ 40 ಸೆಂಟಿಮೀಟರ್ ಅರ್ಧ ಭಾರ ಮಾತ್ರ ತಡೆದು ಬಿಟ್ಟಿರಿ, ಕೊನೆಯ 5 ಸೆಂಟಿಮೀಟರಿನಲ್ಲಿ ನಿಲ್ಲಿಸಿದಿರಿ. ಆ 5 ಸೆಂಟಿಮೀಟರಿನಲ್ಲಿ ಬೇಕಾಗುವ ಬಲ ಬಾರಿನ ತೂಕದ ಐದು ಪಟ್ಟು. ಅಂದರೆ 200 ಕೆಜಿ ಹಿಡಿದ ಹಾಗೆ. ಅದೂ ಹೆಗಲು ಪೂರ್ತಿ ಹಿಂದಕ್ಕೆ ಎಳೆದಿರುವ ಜಾಗದಲ್ಲಿ. ಎದೆಗೆ ಬಡಿದು ಚಿಮ್ಮಿಸಿದರೆ ಅದರಲ್ಲಿ ಒಂದು ಪಾಲನ್ನು ಪಕ್ಕೆಲುಬು ಹೊರುತ್ತದೆ. ಅದೇನು ಲಾಭ ಅಲ್ಲ.

ಅದೇ ಬಾರನ್ನು ಒಂದೇ ವೇಗದಲ್ಲಿ ಇಳಿಸಿದರೆ ಉದ್ದಕ್ಕೂ 40 ಕೆಜಿಯೇ. ಇದು ಎರಡು ಸೆಕೆಂಡಿಗೂ ಸರಿ, ಆರು ಸೆಕೆಂಡಿಗೂ ಸರಿ. ಎಣಿಕೆ ಎಷ್ಟು ಅನ್ನುವುದಕ್ಕಿಂತ ಕೊನೆಯ ಗೇಣಿನಲ್ಲಿ ಬಾರ್ ಬೀಳುತ್ತದಾ, ಇಳಿಯುತ್ತದಾ ಅನ್ನುವುದನ್ನು ನೋಡಿ.

ಶಿರಸಿ ಫಿಸಿಯೊ, ಮಂಗಳವಾರ ಬೆಳಿಗ್ಗೆ 7.15

ಮಾಸ್ತರು ಹೇಳಿದ್ದು ಸರಿ. ಕಾಣದ ಹೆಗಲಿಗೆ ನಾನು ಇಲ್ಲಿ ಕೂತು ಹೆಸರು ಇಡುವುದಿಲ್ಲ. ಹುಡುಗರೇ, ಮೂರು ವಿಷಯ ಹೇಳಿ. ಚುಚ್ಚುವುದು ಬಾರ್ ಎದೆ ಮುಟ್ಟುವಾಗ ಮಾತ್ರವಾ? ಮೊಣಕೈ ಭುಜದ ನೇರಕ್ಕೆ ಅಗಲಕ್ಕೆ ಹೋಗುತ್ತದಾ, ಪಕ್ಕೆಯ ಕಡೆಗೆ ಓರೆಯಾಗಿ ಬರುತ್ತದಾ? ರಾತ್ರಿ ಆ ಮಗ್ಗುಲಲ್ಲಿ ಮಲಗಿದರೆ ನೋಯುತ್ತದಾ? ರಾತ್ರಿಯೂ ನೋಯುತ್ತದೆ ಅಂದರೆ ಈ ಚರ್ಚೆ ಬಿಟ್ಟು ಯಾರಿಗಾದರೂ ತೋರಿಸಿ.

ಮತ್ತೆ ಮುಂದಿನ ಸಲ ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ, ಪಕ್ಕದಿಂದ ಒಂದು ಸೆಟ್ ವಿಡಿಯೊ ತೆಗೆಯಿರಿ. ಎಣಿಕೆ ನಂಬಬೇಡಿ.

ಅಂಕೋಲೆ ಲಿಫ್ಟರ್, ಮಂಗಳವಾರ ಮಧ್ಯಾಹ್ನ 1.30

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ಇಳಿಸುವುದು, ಎತ್ತುವುದು ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಿಮ್ಮ ಟ್ರೈನರ್ ಇಳಿಸುವ ವಿಷಯದಲ್ಲಿ ಸರಿ, ಹಳಬರು ಎತ್ತುವ ವಿಷಯದಲ್ಲಿ ಸರಿ. ಎತ್ತುವಾಗಲೂ ನಾಲ್ಕು ಎಣಿಸುವುದಿದೆಯಲ್ಲ, ನಿಮ್ಮ 50 ಕೆಜಿಯನ್ನು ತಿಂದದ್ದು ಬಹುಪಾಲು ಅದೇ. ಶಕ್ತಿ ಹೋಗಿಲ್ಲ, ಗಾಬರಿ ಬೇಡ. ಬ್ರೇಕ್ ಹಿಡಿದುಕೊಂಡು ಸೈಕಲ್ ತುಳಿದರೆ ವೇಗ ಕಡಿಮೆ ಆಗದೆ ಇನ್ನೇನು?

ನಿಧಾನ ಆಗುವುದು ಬೇರೆ, ನಿಧಾನ ಮಾಡುವುದು ಬೇರೆ. ಒಬ್ಬ ಮನುಷ್ಯ ಒಂದೇ ಒಂದು ಸಲ ಎತ್ತಬಲ್ಲ ತೂಕ ಇದೆಯಲ್ಲ, ಬೆಂಚ್ ಪ್ರೆಸ್‌ನಲ್ಲಿ ಆಗ ಬಾರಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 16 ಸೆಂಟಿಮೀಟರ್. 40 ಸೆಂಟಿಮೀಟರ್ ದಾರಿಗೆ ಎರಡೂವರೆ ಸೆಕೆಂಡು. ನೋಡುವವರಿಗೆ ಬಸವನಹುಳ ಹತ್ತಿದ ಹಾಗೆ ಕಾಣುತ್ತದೆ. ಒಳಗಿನವನು ಮಾತ್ರ ಜೀವ ಬಿಟ್ಟು ನೂಕುತ್ತಿರುತ್ತಾನೆ. ಅದು ನಿಧಾನ ಆಗುವುದು. ಹಗುರ ಬಾರನ್ನು ಬೇಕೆಂದೇ ತಡೆದು ತಡೆದು ಎತ್ತುವುದು ಬೇರೆ ಕಥೆ. ಅಲ್ಲಿ ಸ್ನಾಯುವಿನ ಒಂದು ಪಾಲಿಗೆ ರಜೆ.

ಇದನ್ನು ಸ್ಪೇನ್‌ನಲ್ಲಿ ಅಳೆದು ನೋಡಿದ್ದಾರೆ. ಗೊನ್ಸಾಲೆಸ್ ಬದಿಯೊ ಅವರ ತಂಡದ ಕೆಲಸ, 2014ರಲ್ಲಿ ಪ್ರಕಟವಾಯಿತು. ಬೆಂಚ್ ಪ್ರೆಸ್, ಆರು ವಾರ. ಎರಡೂ ಗುಂಪಿಗೆ ಒಂದೇ ಲೆಕ್ಕದ ತೂಕ, ಅಷ್ಟೇ ರೆಪ್. ಒಂದು ಗುಂಪು ಎತ್ತುವಾಗ ಆದಷ್ಟು ಬೇಗ ನೂಕಿತು, ಇನ್ನೊಂದು ಬೇಕೆಂದೇ ಅರ್ಧ ವೇಗದಲ್ಲಿ. ಬೇಗ ನೂಕಿದವರ ಶಕ್ತಿ ಶೇಕಡಾ 18ರಷ್ಟು ಏರಿತು, ಉಳಿದವರದ್ದು ಶೇಕಡಾ 10ರ ಹತ್ತಿರ.

ಇನ್ನು ಮಸಲ್ ಬೆಳೆಯುವ ವಿಷಯ. ಬ್ರಾಡ್ ಶೋನ್‌ಫೆಲ್ಡ್ ಮತ್ತು ಜೊತೆಯವರು ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಬರೆದರು. ಒಂದು ರೆಪ್ ಅರ್ಧ ಸೆಕೆಂಡಿನಿಂದ ಎಂಟು ಸೆಕೆಂಡಿನವರೆಗೆ ಎಷ್ಟೇ ಇರಲಿ, ಕೈಲಾಗುವವರೆಗೆ ಮಾಡಿದರೆ ಬೆಳವಣಿಗೆ ಹೆಚ್ಚು ಕಡಿಮೆ ಒಂದೇ. ಹತ್ತು ಸೆಕೆಂಡು ದಾಟಿದರೆ ಮಾತ್ರ ಹಿಂದೆ ಬೀಳುವ ಹಾಗೆ ಕಾಣುತ್ತದೆ. ನೋಡಿ, ಎಷ್ಟು ದೊಡ್ಡ ಬಯಲು ಅದು! ಆ ಬಯಲಿನಲ್ಲಿ ನಿಂತು ಮೂರಾ ನಾಲ್ಕಾ ಅಂತ ಜಗಳ ಆಡುತ್ತಿದ್ದೇವೆ.

ಯಲ್ಲಾಪುರ ಸ್ಲೋಮೋಷನ್, ಮಂಗಳವಾರ ಸಂಜೆ 6.10

ನಾನು ಒಪ್ಪುವುದಿಲ್ಲ. ಎರಡು ವರ್ಷದಿಂದ ಹತ್ತು ಸೆಕೆಂಡು ಎತ್ತಿ ಹತ್ತು ಸೆಕೆಂಡು ಇಳಿಸುತ್ತಿದ್ದೇನೆ. ಐದಾರು ರೆಪ್‌ಗೆ ಕಾಲು ನಡುಗುತ್ತದೆ. ಇಷ್ಟು ಉರಿ ಬೇರೆ ಯಾವುದರಲ್ಲೂ ಇಲ್ಲ. ಗಾಯ ಸೊನ್ನೆ.

ಅಂಕೋಲೆ ಲಿಫ್ಟರ್, ಮಂಗಳವಾರ ಸಂಜೆ 6.45

ಅಣ್ಣಾ, ಉರಿ ಇದೆ ಅನ್ನುವುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಗಾಂಧಾರಿ ಮೆಣಸು ತಿಂದರೂ ಉರಿಯುತ್ತದೆ. ನೀವು ಹೇಳುವುದು ಅಮೆರಿಕದ ಕೆನ್ ಹಚಿನ್ಸ್ 1980ರ ದಶಕದಲ್ಲಿ ಹಬ್ಬಿಸಿದ ಸೂಪರ್ ಸ್ಲೋ. ಅದು ಹುಟ್ಟಿದ್ದೇ ಮೂಳೆ ಸವೆತದ ವಯಸ್ಸಾದ ಹೆಂಗಸರ ಜೊತೆ ಕೆಲಸ ಮಾಡುವಾಗ, ತೂಕ ಎಳೆದಾಡಬಾರದು ಅಂತ. ಆ ಜಾಗಕ್ಕೆ ಅದು ಚೆಂದವೇ. ಗಾಯ ಇಲ್ಲ ಅಂದಿರಲ್ಲ, ಅದಕ್ಕೆ ತೂಕ ಕಡಿಮೆ ಇರುವುದೂ ಒಂದು ಕಾರಣ. ನಿಮಗೆ ಹಿಡಿಸಿದೆ, ಮಾಡಿ. ಶಕ್ತಿ ಏರಬೇಕು ಅನ್ನುವವರಿಗೆ ಅದನ್ನು ಹೇಳಬೇಡಿ.

ನಮ್ಮ ಕರಾವಳಿಯವರೇ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ, ಕುಂದಾಪುರದ ಕಡೆಯವರು. 2018ರ ಕಾಮನ್‌ವೆಲ್ತ್‌ನಲ್ಲಿ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ತಂದರು. ಆ ಎತ್ತುವಿಕೆ ನಿಧಾನ ಮಾಡಲು ಬರುವುದೇ ಇಲ್ಲ. ಬಾರಿಗೆ ವೇಗ ಕೊಡದಿದ್ದರೆ ಅದು ಸೊಂಟ ದಾಟುವುದಿಲ್ಲ.

ಹಳಿಯಾಳ ಗರಡಿ, ಮಂಗಳವಾರ ಸಂಜೆ 7.00

ಈಗ ದಾರಿಗೆ ಬಂದಿರಿ.

ಹೊನ್ನಾವರದ ತಂಗಿ, ಮಂಗಳವಾರ ರಾತ್ರಿ 8.20

ನಡುವೆ ನನ್ನದೊಂದು. ಲ್ಯಾಟ್ ಪುಲ್‌ಡೌನ್ (ಮೆಷಿನ್‌ನಲ್ಲಿ ಕೂತು ತಲೆ ಮೇಲಿನ ಬಾರನ್ನು ಕೆಳಗೆ ಎಳೆಯುವುದು) ಪಟ್ಟಿಯಲ್ಲಿ 3-1-1-0 ಅಂತ ಬರೆದು ಕೊಟ್ಟಿದ್ದರು. ಮೊದಲನೆಯದು ಕೆಳಗೆ ಬರುವುದು ಅಂತ ಹೇಳಿದ್ದರಿಂದ ಬಾರನ್ನು ಮೂರು ಎಣಿಸುತ್ತ ಎದೆಗೆ ಎಳೆದು, ಮೇಲೆ ಹೋಗುವಾಗ ಪಟ್ಟಂತ ಬಿಡುತ್ತಿದ್ದೆ. ನಾಲ್ಕು ತಿಂಗಳು! ಹಿಂದೆ ಪ್ಲೇಟುಗಳು ಢಂ ಢಂ ಅನ್ನುತ್ತಿದ್ದವು, ಎಲ್ಲರೂ ತಿರುಗಿ ನೋಡುತ್ತಿದ್ದರು. ನಾನು ನನ್ನ ಶಕ್ತಿ ಅಂದುಕೊಂಡಿದ್ದೆ.

ಅಂಕೋಲೆ ಲಿಫ್ಟರ್, ಮಂಗಳವಾರ ರಾತ್ರಿ 8.35

ಇದು ತುಂಬಾ ಜನರಿಗೆ ಆಗುತ್ತದೆ, ಬೇಜಾರು ಬೇಡ. ಆ ನಾಲ್ಕು ಅಂಕಿಯ ಬರವಣಿಗೆಯನ್ನು ಆಸ್ಟ್ರೇಲಿಯಾದ ಇಯಾನ್ ಕಿಂಗ್, ಕೆನಡಾದ ಚಾರ್ಲ್ಸ್ ಪೊಲಿಕ್ವಿನ್ ಎಂಬ ಕೋಚ್‌ಗಳು ಚಾಲ್ತಿಗೆ ತಂದರು. ಮೊದಲ ಅಂಕಿ ಯಾವಾಗಲೂ ತೂಕ ಇಳಿಯುವ ಹೊತ್ತು. ನಿಮ್ಮ ಕೈ ಇಳಿಯುವುದಲ್ಲ, ತೂಕ ಇಳಿಯುವುದು. ಎರಡನೆಯದು ಅಲ್ಲಿ ತಡೆಯುವುದು, ಮೂರನೆಯದು ಎತ್ತುವುದು, ನಾಲ್ಕನೆಯದು ಎತ್ತಿದ ಮೇಲೆ ತಡೆಯುವುದು. ಪುಲ್‌ಡೌನ್‌ನಲ್ಲಿ ಕೈ ಮೇಲೆ ಹೋಗುವಾಗ ಹಿಂದೆ ಪ್ಲೇಟು ಇಳಿಯುತ್ತದೆ. ಆ ಮೂರು ಎಣಿಕೆ ಅದಕ್ಕೆ. ಮೂರನೆಯ ಜಾಗದಲ್ಲಿ ಎಕ್ಸ್ ಅಂತ ಇದ್ದರೆ ಆದಷ್ಟು ಜೋರಾಗಿ ಎತ್ತಿ ಅಂತ ಅರ್ಥ.

ಹೊನ್ನಾವರದ ತಂಗಿ, ಮಂಗಳವಾರ ರಾತ್ರಿ 8.50

ಥ್ಯಾಂಕ್ಸ್ ಅಣ್ಣ. ಫಿಸಿಯೊ ಅವರೇ, ನಾನು ಯಕ್ಷಗಾನದ ಹೆಜ್ಜೆ ಕಲಿಯುತ್ತಿದ್ದೇನೆ. ಮಂಡಿ ಕುಣಿತ ಶುರು ಮಾಡಿದ ಮೇಲೆ ಬಲ ಮಂಡಿಯಲ್ಲಿ ನೋವು. ಸ್ಕ್ವಾಟ್ ನಿಧಾನ ಮಾಡಿದರೆ ಒಳ್ಳೆಯದಾ?

ಶಿರಸಿ ಫಿಸಿಯೊ, ಬುಧವಾರ ಬೆಳಿಗ್ಗೆ 7.05

ತಂಗೀ, ಮೊದಲು ನೋವು ಎಲ್ಲಿ ಅನ್ನುವುದು ಗೊತ್ತಾಗಬೇಕು. ಮಂಡಿ ಊರಿ ಸುತ್ತುವವರಿಗೆ ಚಿಪ್ಪಿನ ಮುಂದೆ ಇರುವ ಸಣ್ಣ ದ್ರವದ ಚೀಲ ಊದಿಕೊಳ್ಳಬಹುದು. ಒತ್ತಿದರೆ ಮೆತ್ತಗೆ ಊದಿದ ಹಾಗೆ ಇರುತ್ತದೆ. ಅದಕ್ಕೆ ಸ್ಕ್ವಾಟ್ ಮದ್ದಲ್ಲ. ಮಂಡಿಗೆ ಒಳ್ಳೆಯ ಪಟ್ಟಿ, ಸ್ವಲ್ಪ ದಿನ ಬಿಡುವು.

ಚಿಪ್ಪಿನ ಸರಿಯಾಗಿ ಕೆಳಗೆ, ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲಿ, ಹಾರಿದಾಗ ಜಾಸ್ತಿ ಆಗುವ ನೋವಾದರೆ ಅದು ಅಲ್ಲಿನ ಸ್ನಾಯುರಜ್ಜು ಇರಬಹುದು. ಅಲ್ಲಿ ನಿಧಾನಕ್ಕೆ ಬೆಲೆ ಇದೆ. ಡೆನ್ಮಾರ್ಕ್‌ನ ಕಾಂಗ್ಸ್‌ಗಾರ್ಡ್ ತಂಡ 2009ರಲ್ಲಿ ಪ್ರಕಟಿಸಿದ ವಿಧಾನ: ಮೂರು ಸೆಕೆಂಡು ಇಳಿಸಿ, ಮೂರು ಸೆಕೆಂಡು ಎತ್ತಿ, ವಾರಕ್ಕೆ ಮೂರು ದಿನ, 12 ವಾರ. ವಾರ ಕಳೆದಂತೆ ತೂಕ ಏರುತ್ತ ಹೋಗಬೇಕು. ನಿಧಾನ ಅಂದರೆ ಹಗುರ ಅಂತಲ್ಲ, ಅಲ್ಲೇ ಎಲ್ಲರೂ ತಪ್ಪುವುದು. ತೋರಿಸಿಕೊಂಡೇ ಶುರು ಮಾಡಿ.

ಸಿದ್ದಾಪುರ ತೋಟದಮನೆ, ಬುಧವಾರ ಬೆಳಿಗ್ಗೆ 9.30

ಜಿಮ್ ವಿಷಯ ನನಗೆ ಗೊತ್ತಿಲ್ಲ. ನಮ್ಮ ಆಯಿಗೆ 71. ಮೊದಲೆಲ್ಲ ಮೆಟ್ಟುಗತ್ತಿ ಮುಂದೆ ಕೂತು ಒಂದು ಹಲಸಿನಕಾಯಿ ಪೂರ್ತಿ ಹೆಚ್ಚಿ ಏಳುತ್ತಿದ್ದಳು. ಈಗ ಕುರ್ಚಿಯಿಂದ ಏಳುವಾಗಲೂ ಮೇಜು ಹಿಡಿಯುತ್ತಾಳೆ. ಡಾಕ್ಟರು ಕುರ್ಚಿಯಲ್ಲಿ ಕೂತು ಏಳುವ ವ್ಯಾಯಾಮ ಹೇಳಿದ್ದಾರೆ. ವಯಸ್ಸಾದವರು ನಿಧಾನವೇ ಏಳಬೇಕು ಅಲ್ವಾ?

ಶಿರಸಿ ಫಿಸಿಯೊ, ಬುಧವಾರ ಮಧ್ಯಾಹ್ನ 2.00

ಇಲ್ಲ, ಇದು ಎಲ್ಲರೂ ಉಲ್ಟಾ ಹಿಡಿಯುವ ವಿಷಯ. ವಯಸ್ಸಾದಂತೆ ಶಕ್ತಿ ಕಡಿಮೆ ಆಗುತ್ತದೆ, ಆದರೆ ಅದನ್ನು ಬೇಗ ಹೊರಹಾಕುವ ತಾಕತ್ತು ಅದಕ್ಕಿಂತ ಮೊದಲೇ ಹೋಗುತ್ತದೆ. ಹಸಿ ಅಂಗಳದಲ್ಲಿ ಕಾಲು ಜಾರಿದಾಗ ಇನ್ನೊಂದು ಕಾಲು ಮುಂದಿಡಲು ನಾಲ್ಕು ಸೆಕೆಂಡು ಯಾರು ಕೊಡುತ್ತಾರೆ?

ಆಯಿಗೆ ಹೀಗೆ ಮಾಡಿಸಿ. ಗೋಡೆಗೆ ಒರಗಿಸಿದ, ಜಾರದ ಕುರ್ಚಿ. ಕೂರುವಾಗ ಮೂರು ಎಣಿಸುತ್ತ ನಿಧಾನ, ಧೊಪ್ಪಂತ ಕೂರಬಾರದು. ಏಳುವಾಗ ಉಸಿರು ಬಿಡುತ್ತ, ಆದಷ್ಟು ಚುರುಕಾಗಿ. ಉಸಿರು ಬಿಗಿ ಹಿಡಿದು ಎದ್ದರೆ ಬಿಪಿ ಏರುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಾದರೆ ಎದ್ದ ಮೇಲೆ ಒಂದು ಕ್ಷಣ ನಿಂತು, ತಲೆ ತಿರುಗುವುದಿಲ್ಲ ಅಂತ ನೋಡಿ ಮತ್ತೆ ಕೂರಲಿ. ಮೊದಲು ಐದು ಸಲ ಸಾಕು. ನೀವು ಪಕ್ಕದಲ್ಲಿ ಇರಿ.

ಮಾಜಾಳಿ ಮೀನುಗಾರ, ಬುಧವಾರ ರಾತ್ರಿ 9.15

ಅಜ್ಜನ ಕಾಲದ ರಂಪಣಿ ಬಲೆ ಎಳೆಯುವುದನ್ನು ಸಣ್ಣವನಿದ್ದಾಗ ನೋಡಿದ್ದೇನೆ. ದಡದಲ್ಲಿ ಎರಡು ಸಾಲು ಜನ. ಎಲ್ಲರೂ ಒಟ್ಟಿಗೆ ಹಿಂದಕ್ಕೆ ವಾಲಿ ಜೋರಾಗಿ ಎಳೆಯುತ್ತಿದ್ದರು, ಆಮೇಲೆ ಹಗ್ಗ ಸಡಿಲ ಬಿಡದೆ ಹಿಡಿದು ನಿಲ್ಲುತ್ತಿದ್ದರು. ಅಲೆ ಎಳೆದುಕೊಂಡು ಹೋಗುವಾಗ ಹಗ್ಗ ಬಿಟ್ಟರೆ ಕೈ ಕಿತ್ತುಹೋಗುತ್ತಿತ್ತು. ನೀವು ಹೇಳುತ್ತಿರುವುದು ಅದೇ ಅಲ್ವಾ? ಸುಮ್ನೆ ನೆನಪಾಯಿತು.

ಕುಮಟಾ ಮಾಸ್ತರು, ಬುಧವಾರ ರಾತ್ರಿ 9.40

ಅದೇ ಮಾರಾಯ್ರೆ, ಕ್ಲಾಸಿನಲ್ಲಿ ಹೇಳಲು ಒಳ್ಳೆಯ ಉದಾಹರಣೆ ಕೊಟ್ಟಿರಿ. ಸ್ನಾಯು ಎಳೆಯುವುದಕ್ಕಿಂತ ತಡೆಯುವಾಗ ಜಾಸ್ತಿ ಬಲ ಕೊಡಬಲ್ಲದು. ಬೇಗ ಕುಗ್ಗಿದಷ್ಟೂ ಬಲ ಕಡಿಮೆ ಅನ್ನುವ ಲೆಕ್ಕವನ್ನು ಎ. ವಿ. ಹಿಲ್ 1938ರಲ್ಲೇ ಕಪ್ಪೆಯ ಸ್ನಾಯುವಿನ ಮೇಲೆ ಅಳೆದು ತೋರಿಸಿದ್ದಾರೆ. ಪುಲ್‌ಅಪ್ (ಬಾರಿಗೆ ಜೋತು ಮೈಯನ್ನು ಮೇಲಕ್ಕೆ ಎಳೆಯುವುದು) ಬಾರದವರು ಸ್ಟೂಲ್ ಹತ್ತಿ ಮೇಲಿಂದ ನಿಧಾನ ಇಳಿಯುವುದನ್ನು ಅಭ್ಯಾಸ ಮಾಡುತ್ತಾರಲ್ಲ, ಅದೂ ಇದೇ ಗುಟ್ಟು.

ಅಂಕೋಲೆ ಲಿಫ್ಟರ್, ಬುಧವಾರ ರಾತ್ರಿ 10.10

ಪುಲ್‌ಅಪ್ ಹಾಗೆ ಶುರು ಮಾಡುವವರು ಮೊದಲ ದಿನ ನಾಲ್ಕೈದು ಸಾಕು ಮಾಡಿ. ತಡೆದು ಇಳಿಯುವ ಕೆಲಸಕ್ಕೆ ಮೈಕೈ ನೋವು ಜಾಸ್ತಿ. ಅದು ಅವತ್ತು ಬರುವುದಿಲ್ಲ, ಎರಡನೇ ದಿನ ಬರುತ್ತದೆ. ನಾನು ಉತ್ಸಾಹದಲ್ಲಿ ಮೂವತ್ತು ಇಳಿದು, ಎರಡು ದಿನ ಅಂಗಿ ಗುಂಡಿ ಹಾಕಲು ಅಣ್ಣನನ್ನು ಕರೆಯುತ್ತಿದ್ದೆ.

ಬೈತಖೋಲದ ಹುಡುಗ, ಮೂರು ವಾರದ ನಂತರ, ಭಾನುವಾರ ಸಂಜೆ 5.30

ತಡವಾಯಿತು, ಕ್ಷಮಿಸಿ. ಫಿಸಿಯೊ ಅವರೇ, ರಾತ್ರಿ ನೋವಿಲ್ಲ. ಬಾರ್ ಎದೆ ಮುಟ್ಟುವಾಗ ಮಾತ್ರ. ಮೊಣಕೈ ಪೂರ್ತಿ ಅಗಲಕ್ಕೆ ಹೋಗುತ್ತಿತ್ತು.

ವಿಡಿಯೊ ತೆಗೆದೆ. ನಾಚಿಕೆ ಆಯಿತು. ಬಾಯಲ್ಲಿ ಶಿಸ್ತಾಗಿ ನಾಲ್ಕು ಎಣಿಸುತ್ತಿದ್ದೇನೆ. ಮೊಬೈಲ್ ಪ್ರಕಾರ ಮೊದಲ ರೆಪ್ ಇಳಿಸಿದ್ದು ಮೂರು ಸೆಕೆಂಡು, ಆರನೆಯದು ಒಂದೂವರೆ. ದಣಿದಷ್ಟೂ ನನ್ನ ನಾಲ್ಕು ಸಣ್ಣದಾಗುತ್ತಿತ್ತು. ಮಾಸ್ತರು ಹೇಳಿದ ಕೊನೆಯ ಗೇಣು ಪ್ರತಿ ರೆಪ್‌ನಲ್ಲೂ ಬೀಳುತ್ತಿತ್ತು. ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಬಾರ್ ಅಂಗಿಗೆ ಬಡಿದು ಎರಡು ಬೆರಳು ಮೇಲೆ ಹಾರುವುದು ಕಾಣುತ್ತದೆ. ಹಾರುವ ಹೊತ್ತಿಗೆ ಸರಿಯಾಗಿ ಎಡ ಹೆಗಲು ಮುಂದಕ್ಕೆ ಜಾರುತ್ತದೆ.

ಈಗ ಎಣಿಸುವುದನ್ನೇ ಬಿಟ್ಟಿದ್ದೇನೆ. ಬಾರ್ ಅಂಗಿ ಮುಟ್ಟುವಾಗ ಸದ್ದು ಬರಬಾರದು, ಅಷ್ಟೇ ನೋಡುತ್ತೇನೆ. ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಬಾರ್ ಎದೆ ಮೇಲೆ ನಿಂತ ಮೇಲೆ ರೆಫ್ರಿ ಹೇಳಿದರೆ ಮಾತ್ರ ನೂಕಬೇಕಂತೆ. ಹಾಗೆ ಅರೆಗಳಿಗೆ ನಿಲ್ಲಿಸಿ, ಆಮೇಲೆ ಆದಷ್ಟು ಜೋರಾಗಿ ನೂಕುತ್ತೇನೆ. ಮೊಣಕೈ ಸ್ವಲ್ಪ ಒಳಗೆ. 40 ಕೆಜಿಯಿಂದ ಶುರು ಮಾಡಿ ಈಗ 45ಕ್ಕೆ 8 ಆಗುತ್ತಿದೆ. ಚುಚ್ಚುವುದು ಹತ್ತು ದಿನದಿಂದ ಇಲ್ಲ.

ವಿಡಿಯೊವನ್ನು ಟ್ರೈನರಿಗೂ ಹಳಬರಿಗೂ ತೋರಿಸಿದೆ. ಟ್ರೈನರ್ "ನೋಡಿದೆಯಾ, ನಾನು ನಿಧಾನ ಇಳಿಸು ಅಂದಿದ್ದೆ" ಅಂದರು. ಹಳಬರು "ನೋಡಿದೆಯಾ, ನಾನು ಜೋರಾಗಿ ನೂಕು ಅಂದಿದ್ದೆ" ಅಂದರು.

ಒಂದೇ ಸಮಸ್ಯೆ ಉಳಿದಿದೆ. ನಮ್ಮಲ್ಲಿ ಸಣ್ಣ ಪ್ಲೇಟ್ ಅಂದರೆ 2.5 ಕೆಜಿ, ಎರಡೂ ಬದಿ ಸೇರಿ ಒಮ್ಮೆಗೇ 5 ಕೆಜಿ ಏರಿಸಬೇಕು. 1.25ರ ಜೋಡಿ ಇತ್ತು, ಒಂದನ್ನು ಬಾಗಿಲಿಗೆ ಅಡ್ಡ ಇಟ್ಟಿದ್ದರು, ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕು ಹಿಡಿದು ನೆಲಕ್ಕೆ ಅಂಟಿದೆ.

ಹಳಿಯಾಳ ಗರಡಿ, ಭಾನುವಾರ ರಾತ್ರಿ 8.00

ಯಾರಿಗೂ ಹೇಳಬೇಡಿ, ನಾನೂ ಬಸ್ಕಿ ವಿಡಿಯೊ ಮಾಡಿಸಿದೆ. ನೂರರವರೆಗೆ ಇಳಿಯುತ್ತೇನೆ. ಆಮೇಲೆ ಬೀಳುತ್ತೇನೆ.

ಅಂಕೋಲೆ ಲಿಫ್ಟರ್, ಭಾನುವಾರ ರಾತ್ರಿ 8.25

ನನ್ನ ಹತ್ತಿರ 1.25ರ ಒಂದು ಜೋಡಿ ಸುಮ್ನೆ ಬಿದ್ದಿದೆ. ತುಕ್ಕು ಇದೆ, ತೆಂಗಿನೆಣ್ಣೆ ಹಚ್ಚಿ ಉಜ್ಜಿದರೆ ಆಯಿತು. ಮಂಗಳವಾರ ಕಾರವಾರಕ್ಕೆ ಬರುವವನಿದ್ದೇನೆ. ಬಸ್ ಸ್ಟ್ಯಾಂಡಿಗೆ ಬನ್ನಿ, ಬ್ಯಾಗ್ ಭಾರ ಇರುತ್ತದೆ.